ಗಿರಿಮಾಜಿ ಮಾಸ್ತರರ ಚಪ್ಪಲಿ ತಿರುಗಿದ್ದು

ನಮ್ಮೂರಲ್ಲಿ ಒಬ್ಬರ ಮನೆಗೆ ಹೋದರೆ ಬಂದವರು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಹೊಸ್ತಿಲ ಹೊರಗೆ ಬಿಟ್ಟ ಗಂಡಸಿನ ಚಪ್ಪಲಿಯನ್ನು. ಸಂಜೆ ಅದನ್ನು ಹೇಗೇ ಬಿಟ್ಟಿರಲಿ, ಬೆಳಗಾಗುವಷ್ಟರಲ್ಲಿ ತನ್ನ ಒಡೆಯನ ಮಗು ಎಲ್ಲಿ ಮಲಗಿದೆಯೋ ಆ ದಿಕ್ಕಿಗೆ ಮೂತಿ ತಿರುಗಿಸಿಕೊಂಡು ಕೂತಿರುತ್ತದೆ. ಮಗು ಒಳಗೇ ಇದ್ದರೆ ಬಾಗಿಲ ಕಡೆಗೆ. ಅಜ್ಜಿಯ ಮನೆಗೆ ಹೋಗಿದ್ದರೆ ಬಸ್ ಸ್ಟ್ಯಾಂಡಿನ ಕಡೆಗೆ. ಇಬ್ಬರು ಮಕ್ಕಳು ಎರಡು ಕಡೆ ಇದ್ದರೆ ಎಡಗಾಲಿನದು ಅತ್ತ, ಬಲಗಾಲಿನದು ಇತ್ತ. ಮೂವರು ಮೂರು ಕಡೆ ಇದ್ದವರ ಚಪ್ಪಲಿಗಳ ಪಾಡು ನೋಡುವಂತಿರುವುದಿಲ್ಲ. ಮಕ್ಕಳಿಲ್ಲದವರದು ಬಿಟ್ಟಲ್ಲಿ ಬಿಟ್ಟ ಹಾಗೇ ಬಿದ್ದಿರುತ್ತದೆ. ಹೆಂಗಸರ ಚಪ್ಪಲಿ ಮಾತ್ರ ತಿರುಗುವುದಿಲ್ಲ. ತಿರುಗಲಿಕ್ಕೆ ಅವು ಬಾಗಿಲಲ್ಲಿ ಅಷ್ಟು ಹೊತ್ತು ಕೂತರೆ ತಾನೇ, ಎನ್ನುತ್ತಿದ್ದಳು ನಮ್ಮವ್ವ.

ಇದಕ್ಕೆ ನಾವೆಲ್ಲ ಹೊಂದಿಕೊಂಡವರೇ. ನಮ್ಮಲ್ಲಿ ಹಳೇ ಚಪ್ಪಲಿಯನ್ನು ಯಾರೂ ಕೊಳ್ಳುವುದಿಲ್ಲ, ಯಾರೂ ಬೇಡುವುದಿಲ್ಲ, ಯಾಕೆಂದರೆ ಚಪ್ಪಲಿ ಮೊದಲು ಮೆಟ್ಟಿದ ಕಾಲನ್ನು ಹರಿದು ಹೋಗುವ ತನಕ ಮರೆಯುವುದಿಲ್ಲ. ಹೊಸ ಚಪ್ಪಲಿಗೆ ಕಾಲಿನ ಗುರುತು ಸಿಗಲಿಕ್ಕೆ ಆರು ತಿಂಗಳು ಬೇಕು. ಹಾಗಾಗಿ ಆರು ತಿಂಗಳಿಗೊಮ್ಮೆ ಹೊಸದು ಕೊಳ್ಳುವ ಗಂಡಸನ್ನು ಕಂಡರೆ ಅಂಗಡಿಯವರು ನಗುತ್ತಾರೆ, ಮನೆಯವರು ನಗುವುದಿಲ್ಲ. ಇನ್ನು ಮಲಗುವಾಗ ಚಪ್ಪಲಿಯನ್ನು ಒಳಗೆ ತೆಗೆದುಕೊಂಡು ಹೋಗಿ ಟ್ರಂಕಿನಲ್ಲಿಡುವ ಮಹಾನುಭಾವರೂ ಇದ್ದಾರೆ. ಅಂಥವರ ಮನೆಯ ಖಾಲಿ ಕಟ್ಟೆಯನ್ನು ನೋಡಿಯೇ ಓಣಿಯವರು ಕತೆ ಪೂರ್ತಿ ಮಾಡಿಕೊಳ್ಳುತ್ತಾರೆ.

ಚಾವಡಿಯ ಕಾನೂನೂ ಇದರ ಮೇಲೆಯೇ ನಿಂತಿದೆ. ಯಾರ ಚಪ್ಪಲಿ ಯಾವ ಮನೆಯ ಕಡೆ ತಿರುಗಿತೋ ಅವರು ಆ ಮನೆಯ ಮಗುವಿಗೆ ದಿನಾ ಹಾಲು ಕೊಡಬೇಕು, ವರ್ಷಕ್ಕೆರಡು ಸಲ ಬಟ್ಟೆ, ಜ್ವರ ಬಂದರೆ ಔಷಧ, ದೊಡ್ಡದಾದರೆ ಪಾಟಿ ಪುಸ್ತಕ. ಇದಕ್ಕೆ ನಾವು ಕಾಲ್ಮರಿ ಪಾಲು, ಅಂದರೆ ಚಪ್ಪಲಿಯ ಪಾಲು, ಎನ್ನುತ್ತೇವೆ. ಮಗುವಿಗೆ ಹದಿನೆಂಟು ತುಂಬಿದ ದಿನ ಚಪ್ಪಲಿ ತಿರುಗುವುದನ್ನು ನಿಲ್ಲಿಸುತ್ತದೆ. ಅಪ್ಪಂದಿರ ಕತ್ತು ನಿಲ್ಲಿಸುವುದಿಲ್ಲ, ಅದು ಬೇರೆ ಮಾತು.

ನಾನು ಸಾವಂತ್ರವ್ವ. ಕಲ್ಯಾಣ ಮಂಟಪದ ಬಾಗಿಲಲ್ಲಿ ಚಪ್ಪಲಿ ಕಾಯುವವಳು. ಇಪ್ಪತ್ತೆರಡು ವರ್ಷ ಊರಿನ ಮದುವೆಗಳನ್ನೆಲ್ಲ ಕಾಲಿನ ಕಡೆಯಿಂದ ನೋಡಿದ್ದೇನೆ. ಶಾಲೆ ಕಂಡವಳಲ್ಲ. ಅಂಕಿಗಳನ್ನು ಕಲಿತದ್ದು ಚಪ್ಪಲಿಯ ಅಡಿಯಲ್ಲಿ ಒತ್ತಿರುವ ನಂಬರು ನೋಡಿ, ಅಕ್ಷರ ಕಲಿತದ್ದು ಹೊಸ ಚಪ್ಪಲಿ ಸುತ್ತಿ ಬರುವ ಹಳೇ ಪೇಪರು ಓದಿ. ಆದ್ದರಿಂದ ನನಗೆ ಅರ್ಧರ್ಧ ಸುದ್ದಿಗಳೇ ಜಾಸ್ತಿ ಗೊತ್ತು. ಬೇರೆ ಕಡೆ ಚಪ್ಪಲಿ ಕಾಯುವವರು ಟೋಕನ್ ಕೊಡುತ್ತಾರಂತೆ. ನಾನು ಕೊಟ್ಟವಳಲ್ಲ. ಮುನ್ನೂರು ಜೊತೆ ಬಂದರೂ ಯಾರದು ಯಾವುದು ಎಂದು ಮುಖ ನೋಡಿ ಎತ್ತಿಕೊಡುತ್ತಿದ್ದೆ. "ಸಾವಂತ್ರಕ್ಕನ ತಲ್ಯಾಗ ಗೂಡು ಅದಾವ ನೋಡು" ಎಂದು ಜನ ಅಂದರೆ ನಾನು ಕೇಳಿಸದವಳ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ನನಗಿದ್ದ ಆಸ್ತಿಯೆಂದರೆ ಆ ಜಂಬ ಒಂದೇ.

ಈಗ ಕಸ್ತೂರಿಯ ವಿಷಯಕ್ಕೆ ಬರುತ್ತೇನೆ. ಕಸ್ತೂರಿ ಹೆಂಗಸರ ಜಂಪರ್, ರವಿಕೆ ಹೊಲಿಯುವ ಹುಡುಗಿ. ಕೈ ಎಷ್ಟು ಚೊಕ್ಕವೋ ಬಾಯಿ ಅಷ್ಟೇ ಚೂಪು. ಮೈಕ್‌ಸೆಟ್ ಬಾಡಿಗೆಗೆ ಕೊಡುವ ಮಾರ್ತಾಂಡನನ್ನು ಮದುವೆಯಾಗಿ ಎರಡು ವರ್ಷ ಬಾಳಿದಳು. ಮಾರ್ತಾಂಡ ಕೆಟ್ಟವನಲ್ಲ, ಆದರೆ ಮನೆಯಲ್ಲಿ ಉಪ್ಪು ಕಡಿಮೆಯಾದರೂ ಮೂರು ಓಣಿಗೆ ಕೇಳುವಂತೆ ಹೇಳುವ ಅಭ್ಯಾಸ. ಒಂದು ದಿನ ಜಗಳ ಬಲಿತು, ಕಸ್ತೂರಿ ಹೊಲಿಗೆ ಮಷಿನ್ನನ್ನು ಕೈಗಾಡಿಗೆ ಹಾಕಿಸಿಕೊಂಡು ಹೊರಟು ಹಸಿರು ಬಾಗಿಲಿನ ಬಾಡಿಗೆ ಮನೆ ಸೇರಿದಳು. ಅಲ್ಲಿಂದ ಸರಿಯಾಗಿ ಒಂಬತ್ತು ತಿಂಗಳು ಹನ್ನೊಂದು ದಿನಕ್ಕೆ ಹೆಣ್ಣು ಮಗು ಹೆತ್ತಳು.

ಆ ಹನ್ನೊಂದು ದಿನ ಊರಿಗೆ ಜೀರ್ಣವಾಗಲಿಲ್ಲ. ಬೆರಳು ಇದ್ದವರೆಲ್ಲ ಎಣಿಸಿದರು. "ನಂದಲ್ಲ" ಎಂದ ಮಾರ್ತಾಂಡ. "ಅಪ್ಪನಂಗ ಸೋಮಾರಿ ಐತಿ, ಅದಕ್ಕ ತಡಾ ಮಾಡಿ ಬಂತು" ಎಂದಳು ಕಸ್ತೂರಿ. ಹಿರಿಯರು "ಯಾಕ ಬಡದಾಡ್ತೀರಿ? ಮುಂಜಾನೆ ಚಪ್ಪಲಿ ನೋಡಿದ್ರಾತು" ಎಂದರು.

ಮುಂಜಾನೆ ನೋಡಿದರೆ ಮಾರ್ತಾಂಡನ ಚಪ್ಪಲಿ ಬಿಟ್ಟಲ್ಲೇ ಇತ್ತು. ಒಂದು ಎಳ್ಳಿನಷ್ಟೂ ಅಲ್ಲಾಡಿರಲಿಲ್ಲ. ಅವನಿಗೆ ಸಂತೋಷವಾಯಿತೋ ಸಂಕಟವಾಯಿತೋ, ಅಂಗಡಿಯ ಮೇಲೆ ಎರಡು ಹಾರ್ನ್ ಕಟ್ಟಿ, "ಹಲೋ ಹಲೋ, ಮೈಕ್ ಟೆಸ್ಟಿಂಗ್, ಊರಿನ ಸಮಸ್ತರಿಗೆ ತಿಳಿಸೋದೇನಂದ್ರ, ಆ ಕೂಸಿಗೂ ನನಗೂ ಸಂಬಂಧ ಇಲ್ಲ" ಎಂದು ಸಾರಿಬಿಟ್ಟ. ಹಸಿರು ಬಾಗಿಲ ಹಿಂದೆ ಹಸೀ ಬಾಣಂತಿ ಅದನ್ನು ಕೇಳಿದಳು.

ಅದೇ ಮುಂಜಾನೆ ಊರಿನ ಇನ್ನೊಂದು ತುದಿಯಲ್ಲಿ ಗಿರಿಮಾಜಿ ಮಾಸ್ತರರು ತಮ್ಮ ಕಟ್ಟೆಯ ಮೇಲೆ ನಿಂತು ಬೆಕ್ಕನ್ನು ಬೈಯುತ್ತಿದ್ದರು. ಮಾಸ್ತರರು ಡ್ರಾಯಿಂಗ್ ಕಲಿಸುವವರು, ಐವತ್ತೆರಡು ವಯಸ್ಸು, ಮದುವೆಯಾದವರಲ್ಲ. ರೊಟ್ಟಿ ದುಂಡಗಾಗದಿದ್ದರೆ ಮತ್ತೆ ಲಟ್ಟಿಸುವ ಪೈಕಿ. ಅವರ ಚಪ್ಪಲಿ ದಿನಾ ಕಟ್ಟೆಯ ಅಂಚಿಗೆ ಸಮಾನವಾಗಿ, ಎರಡರ ನಡುವೆ ಎರಡು ಬೆರಳು ಜಾಗ ಬಿಟ್ಟು ಕೂತಿರುತ್ತಿತ್ತು. ಅಂದು ಎರಡೂ ಓರೆಯಾಗಿದ್ದವು. ಮಾಸ್ತರರು ನೆಟ್ಟಗೆ ಮಾಡಿದರು. ಮರುದಿನ ಮತ್ತೆ ಓರೆ. ಬೆಕ್ಕಾಯಿತು, ನಾಯಿಯಾಯಿತು, ಹಾಲಿನವಳಾಯಿತು, ಎಲ್ಲರೂ ಬೈಸಿಕೊಂಡರು. ಮೂರನೇ ದಿನ ಚಪ್ಪಲಿಯ ಮೇಲೆ ಒಂದೊಂದು ಇಟ್ಟಿಗೆ ಇಟ್ಟರು. ನಾಲ್ಕನೇ ಮುಂಜಾನೆ ಚಪ್ಪಲಿಗಳು ಇಟ್ಟಿಗೆಯನ್ನು ಹೊತ್ತುಕೊಂಡೇ ತಿರುಗಿದ್ದವು.

ಎದುರು ಮನೆಯವರು ಸುಮ್ಮನಿರುತ್ತಾರೆಯೇ? ಚಪ್ಪಲಿಯ ತುದಿಯಿಂದ ಕಣ್ಣು ಹಿಡಿದು ಹೊರಟರು. ಸೇದೋ ಬಾವಿ ದಾಟಿತು, ಲೈಟಿನ ಕಂಬ ದಾಟಿತು, ಹಿಟ್ಟಿನ ಗಿರಣಿ ದಾಟಿತು, ನೋಟ ಹೋಗಿ ಹಸಿರು ಬಾಗಿಲಿಗೆ ತಾಕಿತು. ಅರ್ಧ ತಾಸಿನಲ್ಲಿ ಊರೆಲ್ಲ ಮಾಸ್ತರರ ಕಟ್ಟೆಯ ಮುಂದೆ ಇತ್ತು. ಅವರಲ್ಲಿ ನಾನೂ ಒಬ್ಬಳು. ಇಂಥದ್ದಕ್ಕೆ ನಾನು ತಡಮಾಡಿ ಹೋದವಳಲ್ಲ.

"ಏನ್ರೀ ಮಾಸ್ತರ, ನೀವು ಬರೇ ಚಿತ್ರ ಬರೀತೀರಿ ಅಂತ ಮಾಡಿದ್ವಿ!" ಎಂದಿತು ಒಂದು ದನಿ.

"ನಾ ಆಕೀ ಮನಿಗೆ ಒಂದೇ ಒಂದ ಸಲ ಹೋಗೀನ್ರೋ!" ಮಾಸ್ತರರು ಬೆವರುತ್ತಿದ್ದರು. "ಅದೂ ದಿಂಬಿನ ಚೀಲಾ ಹೊಲಿಸಾಕ!"

ಹೇಳಬಾರದಿತ್ತು. ಪರದೆ ಎನ್ನಬಹುದಿತ್ತು, ಕೈಚೀಲ ಎನ್ನಬಹುದಿತ್ತು. "ದಿಂಬಿನ ಚೀಲಂತ!" ಎಂದು ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ನಗುತ್ತಾ ನಗುತ್ತಾ ಬಗ್ಗಿ ಚಪ್ಪಲಿ ನೋಡಿದೆ. ನಗು ಅಲ್ಲೇ ನಿಂತಿತು.

ಎಡಗಾಲಿನ ಚಪ್ಪಲಿಯ ಹೆಬ್ಬೆರಳಿನ ಉಂಗುರಕ್ಕೆ ಹಸಿರು ದಾರದ ಹೊಲಿಗೆ ಇತ್ತು. ಆ ಗಂಟು ನನ್ನದು. ಹಿಂದಿನ ವರ್ಷ ಯಾವುದೋ ಸೀಮಂತದಲ್ಲಿ ಮಾರ್ತಾಂಡನ ಚಪ್ಪಲಿಯ ಉಂಗುರ ಕಿತ್ತು ಬಂದಾಗ, ಕೈಗೆ ಸಿಕ್ಕ ಹಸಿರು ದಾರದಲ್ಲಿ ನಾನೇ ಹೊಲಿದು ಕೊಟ್ಟಿದ್ದೆ.

ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಕಸ್ತೂರಿ ಹೆರುವುದಕ್ಕೆ ಹದಿನೈದು ದಿನ ಮೊದಲು ಗಾಣದವರ ಮನೆಯ ಮದುವೆ ಇತ್ತು. ಮಾರ್ತಾಂಡನೂ ಬಂದಿದ್ದ, ಮಾಸ್ತರರೂ ಬಂದಿದ್ದರು. ಇಬ್ಬರದೂ ಎಂಟನೇ ನಂಬರ್, ಇಬ್ಬರದೂ ಕಂದು ಬಣ್ಣ, ಇಬ್ಬರೂ ಕೊಂಡದ್ದು ಸಂತೆಯ ಒಂದೇ ಅಂಗಡಿಯಲ್ಲಿ. ಎರಡನೇ ಪಂಕ್ತಿ ಎದ್ದ ಹೊತ್ತಿಗೆ ಗೋಧಿ ಹುಗ್ಗಿ ಮುಗಿಯುತ್ತಿದೆಯೆಂದು ಯಾರೋ ಅಂದರು. ನಾನು ಎದ್ದು ಓಡಿದೆ. ತುಪ್ಪ ಹಾಕಿಸಿಕೊಂಡು ಎರಡು ಸಲ ತಿಂದೆ, ಸುಳ್ಳು ಯಾಕೆ ಹೇಳಲಿ. ಬಂದು ನೋಡಿದರೆ ಜನ ಮುತ್ತಿದ್ದರು. ಹುಗ್ಗಿಯ ಮಂಪರಿನಲ್ಲಿ ಕೈಗೆ ಸಿಕ್ಕ ಎಂಟನೇ ನಂಬರನ್ನು ಎತ್ತಿಕೊಟ್ಟೆ. ಆಮೇಲೆ ಮಾಸ್ತರರು "ಯಾಕೋ ಮದುವಿ ಊಟ ಆದಾಗಿಂದ ಎಡಗಾಲು ಬಾತದ" ಎಂದು ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರಂತೆ, ಹಸಿರು ಹೊಲಿಗೆ ಕಂಡು ಕಿತ್ತದ್ದನ್ನು ನಾನೇ ಹೊಲಿದು ಕೊಟ್ಟೆನೆಂದುಕೊಂಡಿದ್ದರಂತೆ. ಮಾರ್ತಾಂಡನೋ, ಜನ್ಮದಲ್ಲಿ ಚಪ್ಪಲಿ ಒರೆಸದವನು, "ಗಾಣದವರು ಬಂದವರ ಚಪ್ಪಲಿಗೆಲ್ಲ ಪಾಲಿಶ್ ಹೊಡಿಸ್ಯಾರ, ಉಪಚಾರ ಅಂದ್ರ ಅದು" ಎಂದು ಸಿಕ್ಕವರ ಮುಂದೆಲ್ಲ ಹೊಗಳುತ್ತಿದ್ದ.

ಈಗ ನೀವು ಕೇಳಬಹುದು, ಅಲ್ಲೇ ಯಾಕೆ ಬಾಯಿ ಬಿಡಲಿಲ್ಲ ಎಂದು. ಬಿಟ್ಟರೆ ಮಂಟಪದ ಬಾಗಿಲು ಹೋಗುತ್ತದೆ, ತಲೆಯೊಳಗಿನ ಗೂಡೂ ಹೋಗುತ್ತದೆ. ಸಾವಂತ್ರವ್ವ ಚಪ್ಪಲಿ ಅದಲು ಬದಲು ಮಾಡಿದಳು ಎಂದರೆ ಊರಿನಲ್ಲಿ ಇನ್ನಾವ ಗಂಡಸು ನನ್ನ ಮುಂದೆ ಚಪ್ಪಲಿ ಬಿಟ್ಟಾನು? ಅದಕ್ಕೆ ಒಂದು ಸಮಾಧಾನ ಕಟ್ಟಿಕೊಂಡೆ. ಮಾರ್ತಾಂಡ ಕೊಟ್ಟರೆ ನೀರುಹಾಲು ಕೊಟ್ಟಾನು, ಮಾಸ್ತರರಾದರೆ ಹಾಲನ್ನು ಅಳೆದು, ಸೋಸಿ, ಮೂಸಿ ಕೊಡುತ್ತಾರೆ. ಮಗುವಿಗೆ ಬೇಕಾದ್ದು ಹಾಲು ತಾನೇ? ಅದು ಯಾರ ಕೈಯಿಂದ ಬಂದರೇನು ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಹೋದೆ.

ಚಾವಡಿ ಸೇರಿತು. ಹಿರಿಯ ತೋಟಪ್ಪನವರು ಎರಡೂ ಕಡೆ ಕೇಳಿದರು. ಅವರು ಮಾತಾಡುವ ಮೊದಲು ಮೂರು ಸಲ ಕೆಮ್ಮುವವರು. "ನೋಡ್ರಿ ಮಾಸ್ತರ, ನೀವು ಹೇಳೋದು ಖರೇನೂ ಇರಬಹುದು. ಆದ್ರ ಚಪ್ಪಲಿ ಬ್ಯಾರೆ ಹೇಳಾಕತ್ತೈತಿ. ಅನುಮಾನ ಬಂದಾಗ ನಾವು ಚಪ್ಪಲಿ ಮಾತು ಕೇಳ್ತೀವಿ. ನಾಳಿಂದ ಹಾಲು ಒಯ್ದು ಕೊಡ್ರಿ."

ಕಸ್ತೂರಿ ಮಗುವನ್ನು ಎದೆಗವಚಿಕೊಂಡು ಎದ್ದು ನಿಂತಳು. "ಅಜ್ಜಾರ, ಈ ಮಾಸ್ತರರ ಪೂರಾ ಹೆಸರು ಸೈತ ನನಗ ಗೊತ್ತಿಲ್ಲ. ಇವರ ಹಾಲು ನನ್ನ ಕೂಸಿಗೆ ಕುಡಿಸಿದ್ರ ನಾ ಸುಳ್ಳಿಗೆ ಹೂಂ ಅಂದಂಗ. ಕುಡಿಸಂಗಿಲ್ಲ. ಇದರ ಅಪ್ಪ ಅಲ್ಲಿ ಕುಂತಾನ ನೋಡ್ರಿ, ಮಿರಿಮಿರಿ ಚಪ್ಪಲಿ ಹಾಕ್ಕೊಂಡು."

ನನ್ನ ಸಮಾಧಾನ ಅಲ್ಲಿಗೆ ಅರ್ಧ ಮುರಿಯಿತು. ಆದರೂ ಹಸಿವು ಹಟವನ್ನು ಗೆದ್ದೀತು ಎಂದುಕೊಂಡೆ. ನಾನು ಕಸ್ತೂರಿಯನ್ನು ತಿಳಿದಿರಲಿಲ್ಲ.

ಮರುದಿನದಿಂದ ಮಾಸ್ತರರು ಏಳಕ್ಕೆ ಸರಿಯಾಗಿ ಹಿತ್ತಾಳೆ ತಂಬಿಗೆಯಲ್ಲಿ ಹಾಲು ತಂದು ಹಸಿರು ಬಾಗಿಲ ಮೆಟ್ಟಿಲ ಮೇಲಿಡುತ್ತಿದ್ದರು. "ಚಾವಡಿ ಹೇಳೈತಿ, ಅದಕ್ಕ ತಂದೀನಿ. ನಾ ತಪ್ಪು ಮಾಡೀನಂತಲ್ಲ" ಎಂದು ಬಾಗಿಲಿಗೆ ಹೇಳುತ್ತಿದ್ದರು. "ನಾನೂ ತಪ್ಪು ಮಾಡಿಲ್ಲ, ತಗೊಂಡು ಹೋಗ್ರಿ" ಎಂದು ಬಾಗಿಲು ಹೇಳುತ್ತಿತ್ತು. ಅವರು ಒಯ್ಯುವಂತಿಲ್ಲ, ಇವಳು ಮುಟ್ಟುವಂತಿಲ್ಲ. ಓಣಿಯ ಬೋಳು ಬಾಲದ ಬೆಕ್ಕು ಇಬ್ಬರ ಕಷ್ಟವನ್ನೂ ಪರಿಹರಿಸಿತು. ಆರು ತಿಂಗಳಲ್ಲಿ ಅದು ಎಷ್ಟು ದಪ್ಪವಾಯಿತೆಂದರೆ ಗೋಡೆ ಹತ್ತುವುದನ್ನು ಬಿಟ್ಟು ಗೇಟಿನಿಂದಲೇ ಓಡಾಡತೊಡಗಿತು. ಮಗು ಮಾಣಿಕ ಮಾತ್ರ ತಾಯಿಯ ಹಾಲು, ಆಮೇಲೆ ರಾಗಿ ಗಂಜಿ ಕುಡಿದು ಬೆಳೆಯಿತು.

ಅಂಬೆಗಾಲಿಡುವ ಹೊತ್ತಿಗೆ ಮಾಣಿಕ ತಂಬಿಗೆಯ ಸದ್ದಿಗೆ ಮೆಟ್ಟಿಲಿಗೆ ಬರತೊಡಗಿದಳು. ಅವಳಿಗೆ ಚಾವಡಿ ಗೊತ್ತಿಲ್ಲ, ಮಾಸ್ತರರ ಮೂಗಿನ ಮೇಲಿನ ಕನ್ನಡಕ ಗೊತ್ತು. ಮಾಸ್ತರರು ಮೊದಮೊದಲು ಮುಖ ತಿರುಗಿಸಿ ನಿಂತರು. ಆಮೇಲೆ ಒಂದು ದಿನ ಜೇಬಿನಿಂದ ಸೀಮೆಸುಣ್ಣ ತೆಗೆದು ಮೆಟ್ಟಿಲ ಮೇಲೆ ಗುಬ್ಬಿ ಬರೆದರು. ಮಾಣಿಕ ಅಂಗೈಯಲ್ಲಿ ಅದನ್ನು ಅಳಿಸಿ, ಸುಣ್ಣದ ಕೈಯನ್ನು ಬಾಯಿಗಿಟ್ಟುಕೊಂಡು ನಕ್ಕಳು. ಮರುದಿನ ಅಳಿಲು. ಅದರ ಮರುದಿನ ಆನೆ, ಮೆಟ್ಟಿಲು ಸಾಲದೆ ಸೊಂಡಿಲು ಗೋಡೆಗೆ ಹತ್ತಿತ್ತು. ಕಸ್ತೂರಿ ಒಳಗಿನಿಂದ "ಹಾಲು ಬ್ಯಾಡ ಅಂದೀನಿ" ಎನ್ನುತ್ತಿದ್ದಳೇ ಹೊರತು ಆನೆಯ ವಿಷಯ ಎತ್ತಲಿಲ್ಲ.

ಆದರೆ ಊರು ತನ್ನ ಕೆಲಸ ಮಾಡುತ್ತಲೇ ಇತ್ತು. ಮದುಮಗಳ ಜಂಪರನ್ನು ಕಸ್ತೂರಿಯ ಕೈಗೆ ಕೊಡಲಿಕ್ಕೆ ಜನ ಹಿಂದೆ ಮುಂದೆ ನೋಡಿದರು. ಮೊದಲು ಮದುವೆ ಬಟ್ಟೆ ನಿಂತಿತು, ಆಮೇಲೆ ಹಬ್ಬದ ಬಟ್ಟೆ, ಕೊನೆಗೆ ಬರೀ ಹರಿದದ್ದನ್ನು ಹೊಲಿಸುವವರು ಉಳಿದರು. ನನ್ನ ತಮ್ಮನ ಮಗಳ ಮದುವೆ ಬಂದಾಗ ನಾದಿನಿ "ಆಕಿ ಬ್ಯಾಡವಾ" ಎಂದಳು. ನಾನು ಬಾಯಿ ತೆರೆದೆ, ಮುಚ್ಚಿದೆ, ಎಲೆ ಅಡಿಕೆ ಹಾಕಿಕೊಂಡೆ.

ಹತ್ತನೇ ತಿಂಗಳು ಒಂದು ಮಧ್ಯಾಹ್ನ ಗಿರಣಿಗೆ ಜೋಳ ಹಾಕಿಸಲಿಕ್ಕೆ ಹೊರಟವಳು ಹಸಿರು ಬಾಗಿಲ ಮುಂದೆ ಕೈಗಾಡಿ ಕಂಡೆ. ಗಾಡಿಯ ಮೇಲೆ ಹೊಲಿಗೆ ಮಷಿನ್ನು. ಪಕ್ಕದಲ್ಲಿ ಒಂದು ಟ್ರಂಕು, ಒಂದು ಕೊಡ. ಕಸ್ತೂರಿ ಹಗ್ಗ ಬಿಗಿಯುತ್ತಿದ್ದಳು.

"ಎಲ್ಲಿಗೆ ಹೊಂಟೀಯವಾ?" ಎಂದೆ.

"ಚಪ್ಪಲಿ ತಿರುಗದ ಊರಿಗೆ, ಎಕ್ಕಾ." ಅವಳು ತಲೆ ಎತ್ತಲಿಲ್ಲ. "ಅಲ್ಲಿ ಮಂದಿ ಮನಶ್ಯಾರ ಮಾತು ಕೇಳ್ತಾರಂತ."

ಮಾಣಿಕ ಗಾಡಿಯ ಕೆಳಗೆ ಕೂತು ನನ್ನ ಚಪ್ಪಲಿಯ ಮೇಲೆ ಸೀಮೆಸುಣ್ಣದ ಚೂರಿನಿಂದ ಗೀರುತ್ತಿದ್ದಳು. ಜೋಳದ ಬುಟ್ಟಿ ಕೆಳಗಿಟ್ಟೆ. ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿದೆ. "ಕಸ್ತೂರಿ, ಹಗ್ಗ ಬಿಚ್ಚು. ನಾ ಹುಗ್ಗಿ ತಿನ್ನಾಕ ಹೋಗಿದ್ದೆ" ಎಂದೆ. ಎಲ್ಲಿಂದ ಸುರು ಮಾಡಬೇಕೆಂದು ತಿಳಿಯದೆ ಅಲ್ಲಿಂದಲೇ ಸುರು ಮಾಡಿದೆ. ಹಸಿರು ದಾರದ ತನಕ ಹೇಳಿ ಮುಗಿಸಿದೆ.

ಅವಳು ಬೈಯುತ್ತಾಳೆ ಎಂದು ಕಾದೆ. ಅವಳ ಬಾಯಿ ನನಗೆ ಗೊತ್ತಿತ್ತಲ್ಲ. ಬೈಯಲಿಲ್ಲ. ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳುತ್ತಾ ನಿಂತಳು. "ಹತ್ತು ತಿಂಗಳು, ಎಕ್ಕಾ" ಎಂದಳು ಕೊನೆಗೆ. "ನೀ ಈ ಬಾಗಿಲ ಮುಂದ ದಿನಾ ಗಿರಣಿಗೆ ಹೋಗ್ತಿದ್ದಿ. 'ಊಟಾತೇನವಾ ಕಸ್ತೂರಿ' ಅಂತ ಕೇಳ್ತಿದ್ದಿ." ನಾಲ್ಕು ಬೈದಿದ್ದರೆ ಅಂದು ರಾತ್ರಿ ನಾನು ಊಟ ಮಾಡುತ್ತಿದ್ದೆ.

ಚಾವಡಿ ಮತ್ತೆ ಸೇರಿತು. ನಾನು ಎಲ್ಲರ ಮುಂದೆ ನಿಂತು ಹುಗ್ಗಿಯಿಂದ ಹಿಡಿದು ಮತ್ತೆ ಹೇಳಿದೆ. "ಎಷ್ಟ ಸಲ ಹಾಕಿಸ್ಕೊಂಡಿ?" ಎಂದು ಹಿಂದಿನಿಂದ ಯಾರೋ ಕೇಳಿದರು. "ಎರಡ ಸಲ" ಎಂದೆ. ತೋಟಪ್ಪನವರು ಮೂರು ಸಲ ಕೆಮ್ಮಿ ಎರಡೂ ಜೊತೆ ಚಪ್ಪಲಿ ತರಿಸಿದರು. ಹಸಿರು ದಾರ ತೋರಿಸಿದೆ. "ದಾರ ಯಾರ ಬೇಕಾದ್ರೂ ಹೊಲೀಬಹುದಲ್ಲ" ಎಂದ ಮಾರ್ತಾಂಡ, ಆದರೆ ಅವನ ದನಿ ಆಗಲೇ ಸಣ್ಣಗಾಗಿತ್ತು. ಅವನ ಬಲಗಾಲಿನ ಎರಡನೇ ಬೆರಳು ಹುಟ್ಟಿನಿಂದಲೇ ಸೊಟ್ಟ, ಹೆಬ್ಬೆರಳಿನ ಮೇಲೆ ಹತ್ತಿ ಕೂತಿರುತ್ತದೆ. ಮಾಸ್ತರರು ಹಾಕಿಕೊಂಡು ಬಂದ ಬಲಗಾಲಿನ ಚಪ್ಪಲಿಯ ಒಳಗೆ ಆ ಸೊಟ್ಟ ಬೆರಳಿನ ಗುಳಿ ಅಚ್ಚು ಒತ್ತಿದ ಹಾಗೆ ಇತ್ತು. "ಇಡಪಾ ಕಾಲು" ಎಂದರು ತೋಟಪ್ಪನವರು. ಮಾರ್ತಾಂಡ ಇಟ್ಟ. ಬೆರಳು ತನ್ನ ಗುಳಿಗೆ ಹೋಗಿ ಕೂತಿತು. ಅವನು ಹಾಗೇ ಆ ಚಪ್ಪಲಿಯಲ್ಲೇ ನಿಂತುಬಿಟ್ಟ. ಸಭೆಯಲ್ಲಿ ಯಾರೂ ನಗಲಿಲ್ಲ. ಅವನೂ ಸುಳ್ಳು ಹೇಳಿರಲಿಲ್ಲ, ಪಾಪ. ಅವನ ಕಾಲಡಿಯ ಸಾಕ್ಷಿಯನ್ನು ಅದಲು ಬದಲು ಮಾಡಿದವಳು ನಾನು.

"ನಾಳಿಂದ ಹಾಲು ನಿಂದು" ಎಂದರು ತೋಟಪ್ಪನವರು. "ಕಸ್ತೂರವ್ವಾ, ನಿಂದೇನರ ಹೇಳೋದೈತೇನು?"

"ಐತ್ರಿ. ಹತ್ತು ತಿಂಗಳ ಹಾಲು ಬೆಕ್ಕು ಕುಡದೈತಿ, ಅದನ್ನ ನಾ ಕೇಳಂಗಿಲ್ಲ. ಆದ್ರ ಇಂವ ಎರಡು ಹಾರ್ನ್ ಕಟ್ಟಿ ಸಾರಿದ್ದ. ಅವೇ ಎರಡು ಹಾರ್ನಿನ್ಯಾಗ, ಅಷ್ಟೇ ಜೋರಾಗಿ, ಈಗ ಖರೇದು ಸಾರಲಿ."

ಅವತ್ತು ಸಂಜೆ ಮಾರ್ತಾಂಡ ಮೈಕ್ ಹಿಡಿದ. ಊರಿಗೆಲ್ಲ ಕೇಳುವಂತೆ ಜಗಳವಾಡಿದವನಿಗೆ ಊರಿಗೆಲ್ಲ ಕೇಳುವಂತೆ ತಪ್ಪೊಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ಆಗಲೇ ನಮಗೆ ಗೊತ್ತಾದದ್ದು. "ಹಲೋ" ಎಂದ. ಮೈಕು ಕುಂಯ್ ಎಂದಿತು. "ಹಲೋ ಹಲೋ" ಎಂದ. ಮತ್ತೆ ಕುಂಯ್. ಕಸ್ತೂರಿ ಹಸಿರು ಬಾಗಿಲಲ್ಲಿ ಮಗುವನ್ನು ಸೊಂಟಕ್ಕಿಟ್ಟುಕೊಂಡು ನಿಂತೇ ಇದ್ದಳು. ಕೊನೆಗೆ "ಮಾಣಿಕ ನನ್ನ ಮಗಳು. ಕಸ್ತೂರಿ ಖರೇ ಹೇಳಿದ್ಲು. ನಾ ತಪ್ಪು ಹೇಳಿದ್ದೆ" ಎಂಬ ಮೂರು ಮಾತು ಎರಡೂ ಹಾರ್ನಿನಿಂದ ಹೊರಬಿದ್ದವು. "ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು" ಎಂದಳು ಕಸ್ತೂರಿ. ಹೇಳಿದ.

ನನಗೂ ಶಿಕ್ಷೆಯಾಯಿತು. ಇನ್ನು ಮೇಲೆ ಸಾವಂತ್ರವ್ವ ಟೋಕನ್ ಕೊಟ್ಟೇ ಚಪ್ಪಲಿ ಇಟ್ಟುಕೊಳ್ಳಬೇಕು ಎಂದು ಚಾವಡಿಯಲ್ಲಿ ಬರೆದರು. ತಗಡಿನ ಮುನ್ನೂರು ಬಿಲ್ಲೆಗಳು ಚೀಲದಲ್ಲಿ ಬಂದವು. ಮಂಟಪ ಉಳಿಯಿತು, ಜಂಬ ಹೋಯಿತು.

ಮರುದಿನ ಏಳಕ್ಕೆ ಮಾರ್ತಾಂಡನ ಹಾಲು ಬಂತು, ಕಸ್ತೂರಿ ತೆಗೆದುಕೊಂಡಳು. ನಾನೇ ಇಣುಕಿ ನೋಡಿದೆ, ನೀರು ಹಾಕಿರಲಿಲ್ಲ. ಮಾಣಿಕ ಮೆಟ್ಟಿಲಿಗೆ ಬಂದು ಕೂತಳು. ಗುಬ್ಬಿ ಬರಲಿಲ್ಲ, ಅಳಿಲು ಬರಲಿಲ್ಲ. ಹಿಂದಿನ ದಿನದ ನವಿಲನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ಅಳಿಸಿದಳು. ಮೂರು ದಿನ ಹೀಗೇ ನಡೆಯಿತು. ಅತ್ತ ಮಾಸ್ತರರ ಕಟ್ಟೆಯ ಮೇಲೆ ಅವರ ಸ್ವಂತ ಚಪ್ಪಲಿ, ಮಾರ್ತಾಂಡ ಹತ್ತು ತಿಂಗಳಲ್ಲಿ ಹಾಳು ಮಾಡಿದ್ದನ್ನು ಮತ್ತೆ ಪಾಲಿಶ್ ಮಾಡಿಟ್ಟದ್ದು, ನೆಟ್ಟಗೆ, ಎರಡು ಬೆರಳು ಜಾಗ ಬಿಟ್ಟು ಕೂತಿರುತ್ತಿತ್ತು. ಒಂದು ದಿನವೂ ಅಲುಗಲಿಲ್ಲ. ಜನ "ಮಾಸ್ತರ, ಪಾರಾದ್ರಿ ನೋಡ್ರಿ" ಎಂದು ಬೆನ್ನು ತಟ್ಟಿದರೆ ಅವರು "ಹೂಂ" ಎನ್ನುತ್ತಿದ್ದರು. ಪಾರಾದವರ ಮುಖ ಹಾಗಿರುವುದಿಲ್ಲ.

ನಾಲ್ಕನೇ ದಿನ ಮಾಸ್ತರರು ಹಸಿರು ಬಾಗಿಲಿಗೆ ಬಂದರು. ಕೈಯಲ್ಲಿ ತಂಬಿಗೆ ಇರಲಿಲ್ಲ, ಹಾಗಾಗಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ನಾನು ಗಿರಣಿಯ ನೆಪದಲ್ಲಿ ಅಲ್ಲೇ ಇದ್ದೆ.

"ಕಸ್ತೂರವ್ವಾ, ಒಂದು ಮಾತು ಕೇಳ್ಬೇಕಿತ್ತು. ಇದು ಚಾವಡಿ ಹೇಳಿದ್ದಲ್ಲ. ನಾ ಮೊದಲಿನಂಗ ಬಂದು ಹೋದ್ರ ನಿಮ್ಮ ಹೆಸರಿಗೆ ಮತ್ತ ಏನರ..."

"ಮತ್ತ ಮಂದಿ ದಿಂಬಿನ ಚೀಲ ಅಂತಾರ, ಅಷ್ಟ ಹೌದಲ್ರೀ?" ಎಂದಳು ಕಸ್ತೂರಿ. ಆಮೇಲೆ ಮೆಟ್ಟಿಲ ಮೇಲೆ ಅವರ ಪಂಚೆಯ ತುದಿ ಹಿಡಿದು ಎದ್ದು ನಿಲ್ಲಲು ನೋಡುತ್ತಿದ್ದ ಮಗಳನ್ನು ನೋಡಿದಳು. "ಕದ್ದು ಬರೋದಾದ್ರ ಬ್ಯಾಡ್ರೀ. ಎಲ್ಲಾರ ಮುಂದ ಬರೋದಾದ್ರ ಬರ್ರಿ. ಬೆಕ್ಕಿನ ಪಾಲು ಇನ್ನ ಮ್ಯಾಲೆ ನಮಗ ಬರಲಿ."

ಮಾಸ್ತರರು ಮನೆಗೆ ಹೋದವರು ಮಟಮಟ ಮಧ್ಯಾಹ್ನ, ಸಂತೆಯ ಜನ ಓಣಿ ತುಂಬಿ ಓಡಾಡುವ ಹೊತ್ತಿನಲ್ಲಿ, ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತರು. ಒಂದು ಕಣ್ಣು ಮುಚ್ಚಿದರು. ಚಿತ್ರ ಬರೆಯುವವರು ಅಳತೆ ಹಿಡಿಯುವಂತೆ ಹೆಬ್ಬೆರಳನ್ನು ಮುಂದೆ ಚಾಚಿ ಬಾವಿ, ಕಂಬ, ಗಿರಣಿ, ಹಸಿರು ಬಾಗಿಲು ಎಂದು ಗೆರೆ ಹಿಡಿದರು. ಮರದ ಸ್ಕೇಲು ಇಟ್ಟು ಎಡಗಾಲಿನ ಚಪ್ಪಲಿಯನ್ನು ಎತ್ತಿ ತಿರುಗಿಸಿ ಇಟ್ಟರು. ಬಲಗಾಲಿನದನ್ನೂ ಇಟ್ಟರು. ನಡುವಿನ ಎರಡು ಬೆರಳು ಜಾಗ ಸರಿ ಇದೆಯೇ ಎಂದು ನೋಡಿದರು. ಆಮೇಲೆ ಸೀಮೆಸುಣ್ಣ ತೆಗೆದು ಚಪ್ಪಲಿಯ ಪಕ್ಕದಲ್ಲಿ ಶಾಲೆಯ ಬೋರ್ಡಿನ ದುಂಡಗಿನ ಅಕ್ಷರದಲ್ಲಿ ಬರೆದರು: ಕೈಯಿಂದ ತಿರುಗಿಸಿದ್ದು.

ಜನ ನಿಂತು ಓದಿದರು. ತೋಟಪ್ಪನವರನ್ನು ಕರೆತಂದರು. ಅವರು ಐದು ಸಲ ಕೆಮ್ಮಿದರು. "ಇದಕ್ಕ ನಮ್ಮಲ್ಲಿ ಕಾನೂನು ಇಲ್ಲಲ್ಲ ಮಾಸ್ತರ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಏನ ಸಾವಂತ್ರವ್ವಾ, ಇವು ತಾವಾಗೇ ತಿರುಗಿದ್ದಲ್ಲ ಅಂತ ಖಾತ್ರಿ ಹೇಳ್ತೀಯೇನು?" ಎಂದು ಕೇಳಿದರು. ಇಷ್ಟೆಲ್ಲ ಆದ ಮೇಲೂ ಚಪ್ಪಲಿಯ ವಿಷಯಕ್ಕೆ ನನ್ನನ್ನೇ ಕೇಳಿದ್ದು ನೋಡಿ. ನಾನು ಬಗ್ಗಿ ನೋಡಿದೆ. ತಾನಾಗಿ ತಿರುಗಿದ ಚಪ್ಪಲಿ ಧೂಳಿನಲ್ಲಿ ಬಳೆಯ ಚೂರಿನಂಥ ಗೆರೆ ಬಿಡುತ್ತದೆ. ಇಲ್ಲಿ ಧೂಳು ಕದಲಿರಲಿಲ್ಲ. "ಗೆರಿ ಇಲ್ರೀ. ಎತ್ತಿ ಇಟ್ಟದ್ದು. ಕಸ್ತೂರಿ ಮ್ಯಾಲೆ ಯಾರೂ ಮಾತು ಹಚ್ಚಂಗಿಲ್ಲ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದೆ. ನನಗೆ ಹಾರ್ನ್ ಬೇಕಾಗಲಿಲ್ಲ.

ಈಗ ಮಾರ್ತಾಂಡನ ಹಾಲು ಏಳಕ್ಕೆ ಬರುತ್ತದೆ, ಮಾಸ್ತರರ ಹಾಲು ಏಳೂಕಾಲಿಗೆ. ಹಾಲು ಹೆಚ್ಚಾಗಿ ಕಸ್ತೂರಿ ಮೊಸರು ಮಾಡುತ್ತಾಳೆ. ಬೆಕ್ಕು ಇಳಿದು ಮತ್ತೆ ಗೋಡೆ ಹತ್ತುತ್ತಿದೆ. ಮಾಸ್ತರರು ದಿನಾ ರಾತ್ರಿ ಮಲಗುವ ಮುನ್ನ ಚಪ್ಪಲಿಯನ್ನು ನೆಟ್ಟಗೆ ಬಿಡುತ್ತಾರೆ, ಬೆಳಿಗ್ಗೆ ಎದ್ದು ಸ್ಕೇಲು ಹಿಡಿದು ತಿರುಗಿಸುತ್ತಾರೆ. ಹಾಗೇ ತಿರುಗಿಸಿಯೇ ಇಡಬಾರದೇ ಎಂದು ಕೇಳಿದರೆ "ದಿನಾ ತಿರುಗಿಸಿದ್ರನ ತಿರುಗಿಸಿದಂಗ" ಎನ್ನುತ್ತಾರೆ.

ಮೊನ್ನೆ ಮಂಟಪದಲ್ಲಿ ಮದುವೆಯಿತ್ತು. ಮದುಮಗಳ ಜಂಪರ್ ಹೊಲಿದವಳು ಕಸ್ತೂರಿ, ಆದ್ದರಿಂದ ಅವಳನ್ನು ಕರೆದಿದ್ದರು. ಆ ಕೈಗಾಡಿಯ ದಿನದಿಂದ ಅವಳು ನನ್ನೊಡನೆ ಒಂದೂ ಮಾತಾಡಿರಲಿಲ್ಲ. ಮಗಳ ಕೈ ಹಿಡಿದು ಬಂದು ನನ್ನ ಮುಂದೆ ನಿಂತಳು. ಚಪ್ಪಲಿ ಬಿಟ್ಟಳು. ಮಾಣಿಕಳೂ ತನ್ನ ಅಂಗೈಯಗಲದ ಕೆಂಪು ಚಪ್ಪಲಿ ಬಿಟ್ಟಳು. ನಾನು ಚೀಲಕ್ಕೆ ಕೈ ಹಾಕಿ ಎರಡು ಬಿಲ್ಲೆ ತೆಗೆದು ಚಾಚಿದೆ.

ಕಸ್ತೂರಿ ಬಿಲ್ಲೆ ತೆಗೆದುಕೊಳ್ಳಲಿಲ್ಲ. "ನನಗ ಟೋಕನ್ ಬ್ಯಾಡ, ಎಕ್ಕಾ" ಎಂದಳು. "ನೆನಪಿಟ್ಕೊಂಡು ಕೊಡು."

ಅವತ್ತಿನ ಊಟಕ್ಕೆ ಗೋಧಿ ಹುಗ್ಗಿ ಮಾಡಿದ್ದರು. ತುಪ್ಪದ ವಾಸನೆ ಬಾಗಿಲ ತನಕ ಬರುತ್ತಿತ್ತು. ನಾನು ಕೂತಲ್ಲಿಂದ ಏಳಲಿಲ್ಲ.